ವೈದ್ಯಕೀಯ ಸಾಧನಗಳ ಮಾಹಿತಿಗೆ ಬ್ಲಾಕ್‌ಚೈನ್ ಕಾವಲು: ಕೊಡಗಿನ ಆಸ್ಪತ್ರೆ, ತೋಟ, ರೋಗಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಸಿಮೀಟರ್, ಬಿ.ಪಿ. ಯಂತ್ರ, ಗ್ಲುಕೋಮೀಟರ್, ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಎಲ್ಲವೂ ಈಗ ರೀಡಿಂಗನ್ನು ತಾವೇ ಕಳುಹಿಸುತ್ತವೆ. ನಾಪೋಕ್ಲು ಕಡೆಯ ಒಂದು ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ತೆಗೆದ ರೀಡಿಂಗ್ ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ ಹೋಗುವಷ್ಟರಲ್ಲಿ ನಾಲ್ಕೈದು ಕೈ ದಾಟಿರುತ್ತದೆ. ದಾರಿಯಲ್ಲಿ ಯಾರೋ ತಿದ್ದಿದರೆ ಗೊತ್ತಾಗಬೇಕು, ಸಂಬಂಧಪಡದವರು ಓದಬಾರದು. ಇಂಥ ವ್ಯವಸ್ಥೆ ಹಾಕಲು ಹೊರಟವರಿಗೂ, ಅದರಲ್ಲಿ ತಮ್ಮ ಮಾಹಿತಿ ಇರುವವರಿಗೂ ಈ ಉತ್ತರಗಳು.

ರೋಗಿಯ ದಾಖಲೆಯನ್ನೇ ಬ್ಲಾಕ್‌ಚೈನ್‌ಗೆ ಹಾಕುತ್ತಾರಾ?

ಇಲ್ಲ, ಹಾಕಲೇಬಾರದು. ಬ್ಲಾಕ್‌ಚೈನ್ ಎಂದರೆ ಹಲವು ಸಂಸ್ಥೆಗಳು ಒಟ್ಟಾಗಿ ಇಟ್ಟುಕೊಳ್ಳುವ, ಒಂದಕ್ಕೊಂದು ಕೊಂಡಿ ಹಾಕಿದ ನಮೂದುಗಳ ಸರಪಳಿ. ಈ ಸರಪಳಿಗೆ ಒಮ್ಮೆ ಸೇರಿದ್ದನ್ನು ಅಳಿಸಲಾಗದು, ಅದರ ಪ್ರತಿ ಎಲ್ಲ ಪಾಲುದಾರರ ಬಳಿಯೂ ಇರುತ್ತದೆ. ಹೆಸರು, ಫೋನ್ ನಂಬರ್, ಆರೋಗ್ಯ ಗುರುತಿನ 14 ಅಂಕಿಯ ಆಭಾ ಸಂಖ್ಯೆ, ಬಿ.ಪಿ. ಎಷ್ಟು ಎಂಬುದು, ಇದ್ಯಾವುದೂ ಅಲ್ಲಿಗೆ ಹೋಗಕೂಡದು. ಯಾವುದಾದರೂ ಕಂಪನಿ “ದಾಖಲೆ ಪೂರ್ತಿ ಬ್ಲಾಕ್‌ಚೈನ್‌ನಲ್ಲಿ ಭದ್ರ” ಎಂದು ಮಾರಲು ಬಂದರೆ ಅವರಿಗೆ ಈ ಕೆಲಸ ಗೊತ್ತಿಲ್ಲ ಎಂದೇ ತಿಳಿಯಿರಿ.

ಹಾಗಾದರೆ ಅಲ್ಲಿ ಇರುವುದೇನು?

ದಾಖಲೆಯ ಹ್ಯಾಶ್ (ದಾಖಲೆಯಿಂದ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಖ್ಯೆ), ಅದಕ್ಕೆ ಸಾಧನ ಹಾಕಿದ ಡಿಜಿಟಲ್ ಸಹಿ, ಸಾಧನದ ಕ್ರಮಸಂಖ್ಯೆ, ಸಮಯ, ಯಾವ ಸಂಸ್ಥೆಯಿಂದ ಬಂತು ಎಂಬುದು. ಎಸ್‌ಎಚ್‌ಎ-256 ವಿಧಾನದಲ್ಲಿ ದಾಖಲೆ ಎಷ್ಟೇ ದೊಡ್ಡದಿರಲಿ, ಹ್ಯಾಶ್ 32 ಬೈಟ್ ಮಾತ್ರ. ಮೂಲದಲ್ಲಿ ಒಂದು ಅಂಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ನಿಜವಾದ ದಾಖಲೆ ಎನ್‌ಕ್ರಿಪ್ಟ್ ಆಗಿ (ಕೀಲಿ ಇಲ್ಲದವರು ಓದಲಾಗದಂತೆ) ಆಸ್ಪತ್ರೆಯ ಸರ್ವರ್‌ನಲ್ಲೇ ಉಳಿಯುತ್ತದೆ.

ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದು, ಪಕ್ಕದಲ್ಲೇ ವರ್ಷದ ಒಟ್ಟು ಮಳೆಯನ್ನೂ ಕೂಡಿಸುತ್ತಾ ಹೋಗುತ್ತಾರಲ್ಲ, ಹಾಗೆ. ಜೂನ್ 12ರ ಅಂಕಿ ತಿದ್ದಿದರೆ ಅಲ್ಲಿಂದ ಮುಂದಿನ ಒಟ್ಟು ಮೊತ್ತವೆಲ್ಲ ತಾಳೆ ತಪ್ಪುತ್ತದೆ. ಆ ಒಟ್ಟು ಮೊತ್ತವನ್ನು ಅಕ್ಕಪಕ್ಕದ ನಾಲ್ಕು ತೋಟದವರೂ ದಿನವೂ ಬರೆದಿಟ್ಟುಕೊಂಡಿದ್ದರೆ, ಒಬ್ಬರು ತಮ್ಮ ಪುಸ್ತಕವನ್ನಷ್ಟೇ ತಿದ್ದಿ ದಕ್ಕಿಸಿಕೊಳ್ಳಲಾಗದು. ಪ್ರತಿ ಬ್ಲಾಕ್ (ಸರಪಳಿಗೆ ಸೇರುವ ನಮೂದುಗಳ ಕಂತೆ) ಹಿಂದಿನ ಬ್ಲಾಕ್‌ನ ಹ್ಯಾಶ್ ಹೊತ್ತು ಬರುವುದು ಇದಕ್ಕಾಗಿಯೇ.

ನಮ್ಮದು ಗೋಣಿಕೊಪ್ಪದಲ್ಲಿ ಒಂದೇ ಕ್ಲಿನಿಕ್. ನಮಗೂ ಬೇಕಾ?

ಬೇಡ. ಸಹಿ ಹಾಕಿದ ಲಾಗ್ ಫೈಲ್, ಬೇರೆ ಕಟ್ಟಡದಲ್ಲಿ ಒಂದು ಬ್ಯಾಕಪ್, ಸಿಬ್ಬಂದಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇದ್ದರೆ ಸಾಕು. ಬ್ಲಾಕ್‌ಚೈನ್‌ಗೆ ಹಾಕುವ ದುಡ್ಡಲ್ಲಿ ಒಳ್ಳೆಯ ಯುಪಿಎಸ್ ಕೊಳ್ಳಿ.

ಮತ್ತೆ ಕೊಡಗಿನಲ್ಲಿ ಇದು ಯಾರಿಗೆ ಬೇಕು?

ಒಂದೇ ರೋಗಿಯ ಮಾಹಿತಿ ಹಲವು ಸಂಸ್ಥೆಗಳಿಗೆ ಬೇಕಿದ್ದು, ಆ ಸಂಸ್ಥೆಗಳಿಗೆ ಒಬ್ಬ ಒಡೆಯ ಇಲ್ಲದಿದ್ದಾಗ. ಇಲ್ಲಿ ರೋಗಿ ಮೊದಲು ತೋಟದ ಡಿಸ್ಪೆನ್ಸರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗುತ್ತಾರೆ. ಅಲ್ಲಿಂದ ವಿರಾಜಪೇಟೆ ಅಥವಾ ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆ, ಆಮೇಲೆ ಮಡಿಕೇರಿ. ಹೃದಯ, ಮೆದುಳಿನ ತೊಂದರೆಯಾದರೆ ಮೈಸೂರು ಅಥವಾ ಮಂಗಳೂರು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಂಗಳೂರಿನ ರಸ್ತೆ ಮುಚ್ಚಿದಾಗ ಆ ದಿಕ್ಕಿನ ರೋಗಿಗಳಿಗೂ ಮೈಸೂರಿನ ದಾರಿಯೇ ಉಳಿದಿತ್ತು. ರೋಗಿಯನ್ನು ಮೊದಲ ಸಲ ನೋಡುವ ವೈದ್ಯರಿಗೆ ಹಿಂದಿನ ಹತ್ತು ದಿನದ ರೀಡಿಂಗ್ ನಂಬಲರ್ಹವೇ ಎಂದು ಒಂದು ನಿಮಿಷದಲ್ಲಿ ಗೊತ್ತಾಗಬೇಕು. ಅಷ್ಟಕ್ಕಾಗಿ ಇದು ಬೇಕು.

ಒಂದು ರೀಡಿಂಗ್ ಸಾಗುವ ದಾರಿಯನ್ನು ಹಂತಹಂತವಾಗಿ ಹೇಳಿ.

1. ರೋಗಿಗೆ ಸಾಧನ ಜೋಡಿಸುವಾಗ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಮೊದಲು ಸಾಧನದ ಕ್ಯೂಆರ್ ಚೀಟಿ, ನಂತರ ರೋಗಿಯ ಕಾರ್ಡ್ ಸ್ಕ್ಯಾನ್ ಮಾಡುತ್ತಾರೆ. “ಈ ಸಾಧನ, ಈ ರೋಗಿ, ಇಷ್ಟು ಗಂಟೆಯಿಂದ” ಎಂಬ ನಮೂದು ಹುಟ್ಟುತ್ತದೆ. ಬಿಚ್ಚುವಾಗಲೂ ಸ್ಕ್ಯಾನ್ ಮಾಡಲೇಬೇಕು.
2. ಸಾಧನ ಬ್ಲೂಟೂತ್‌ನಲ್ಲಿ ಗೇಟ್‌ವೇಗೆ (ಹತ್ತಿರದ ಸಾಧನಗಳ ರೀಡಿಂಗ್ ಕೂಡಿಸಿ ಮುಂದೆ ಕಳುಹಿಸುವ ಪೆಟ್ಟಿಗೆ) ರೀಡಿಂಗ್ ಕಳುಹಿಸುತ್ತದೆ.
3. ಗೇಟ್‌ವೇ 5 ನಿಮಿಷದ ರೀಡಿಂಗ್‌ಗಳನ್ನು ಸಾಧನಕ್ಕೊಂದರಂತೆ ಕಟ್ಟು ಮಾಡಿ, 32 ಬೈಟ್‌ನ ಯಾದೃಚ್ಛಿಕ (ಊಹಿಸಲಾಗದ) ಸಂಖ್ಯೆ ಸೇರಿಸಿ, ಆಸ್ಪತ್ರೆಯ ಸಾರ್ವಜನಿಕ ಕೀಲಿಯಿಂದ (ಯಾರು ಬೇಕಾದರೂ ಮುಚ್ಚಬಹುದು, ಬಿಚ್ಚಲು ಆಸ್ಪತ್ರೆಯ ಗುಟ್ಟಿನ ಕೀಲಿಯೇ ಬೇಕು) ಎನ್‌ಕ್ರಿಪ್ಟ್ ಮಾಡುತ್ತದೆ.
4. ಆ ಸಂಖ್ಯೆ ಸೇರಿದ ಕಟ್ಟಿನ ಹ್ಯಾಶ್ ತೆಗೆದು, ಭದ್ರತಾ ಚಿಪ್‌ನಿಂದ ಸಹಿ ಹಾಕಿಸುತ್ತದೆ.
5. ಎಲ್ಲ ಸಾಧನಗಳ ಹ್ಯಾಶ್‌ಗಳನ್ನು ಮರ್ಕಲ್ ವೃಕ್ಷದಲ್ಲಿ (ಹ್ಯಾಶ್‌ಗಳನ್ನು ಎರಡೆರಡಾಗಿ ಸೇರಿಸುತ್ತಾ ಕೊನೆಗೆ ಒಂದೇ ಹ್ಯಾಶ್‌ಗೆ ತರುವ ಕ್ರಮ, ಆ ಕೊನೆಯದೇ ಬೇರು) ಕೂಡಿಸಿ, ಬೇರಿನ ಹ್ಯಾಶ್ ಒಂದನ್ನೇ ಸರಪಳಿಗೆ ಕಳುಹಿಸುತ್ತದೆ. ಎನ್‌ಕ್ರಿಪ್ಟ್ ಆದ ಕಟ್ಟು ಬೇರೆ ದಾರಿಯಲ್ಲಿ ಆಸ್ಪತ್ರೆಯ ಸರ್ವರ್‌ಗೆ ಹೋಗುತ್ತದೆ.

ಹೆಚ್ಚು ಎಡವುವುದು ಮೊದಲ ಹಂತದಲ್ಲೇ. ಒಂದೇ ಆಕ್ಸಿಮೀಟರನ್ನು ಸಾಲಾಗಿ ಹತ್ತು ಜನರ ಬೆರಳಿಗೆ ಹಾಕಿ, ನಡುವೆ ಸ್ಕ್ಯಾನ್ ಮರೆತರೆ ಹತ್ತು ಜನರ ರೀಡಿಂಗ್ ಒಬ್ಬರ ಹೆಸರಲ್ಲಿ ಕೂರುತ್ತದೆ. ಸಹಿ ಸರಿ, ಹ್ಯಾಶ್ ಸರಿ, ರೋಗಿಯೇ ತಪ್ಪು. ಅದಕ್ಕಾಗಿ ಬೆರಳು ತೆಗೆದು 60 ಸೆಕೆಂಡ್ ಕಳೆದರೆ ಜೋಡಣೆ ತಾನಾಗಿ ಮುರಿಯುವಂತೆ ಗೇಟ್‌ವೇಯಲ್ಲಿ ಹೊಂದಿಸಿ. ವಾರ್ಡಿನಲ್ಲಿ ಮಲಗಿರುವ ರೋಗಿಗೆ ಈ ನಿಯಮ ಬೇಡ, ಶಿಬಿರಗಳಿಗೆ ಬೇಕೇ ಬೇಕು.

ದಿನಕ್ಕೆ ಎಷ್ಟು ಮಾಹಿತಿ ಆಗುತ್ತದೆ? ಸರಪಳಿ ತಡೆದೀತೇ?

ಸೆಕೆಂಡಿಗೊಂದು ರೀಡಿಂಗ್ ಕೊಡುವ ಆಕ್ಸಿಮೀಟರ್ ದಿನಕ್ಕೆ 86,400 ರೀಡಿಂಗ್ ಕೊಡುತ್ತದೆ. ಸೆಕೆಂಡಿಗೆ 250 ಮಾದರಿ, ಮಾದರಿಗೆ 2 ಬೈಟ್ ಎಂದರೆ ಒಂದು ಲೀಡ್‌ನ ಇಸಿಜಿ ದಿನಕ್ಕೆ 43.2 ಎಂಬಿ. ಇವನ್ನು ಒಂದೊಂದಾಗಿ ಸರಪಳಿಗೆ ನೂಕಿದರೆ ಯಾವ ವ್ಯವಸ್ಥೆಯೂ ಮಲಗುತ್ತದೆ. 5 ನಿಮಿಷದ ಕಟ್ಟು ಮಾಡಿದರೆ ಗೇಟ್‌ವೇಗೆ ದಿನಕ್ಕೆ 288 ನಮೂದು, ಸಾಧನ ಒಂದಿರಲಿ ನಲವತ್ತಿರಲಿ. 40 ಸಾಧನಗಳಿದ್ದಾಗ ಒಂದು ಕಟ್ಟು ಅಸಲಿ ಎಂದು ತೋರಿಸಲು 6 ಹ್ಯಾಶ್, ಅಂದರೆ 192 ಬೈಟ್ ಸಾಕು.

ಇನ್ನೊಂದು ಮಾತು. ಇಂಥ ಸರಪಳಿ ನಡೆಸುವ ತಂತ್ರಾಂಶವಾದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಲ್ಲಿ ಬ್ಲಾಕ್ ಕಟ್ಟಲು ಕಾಯುವ ಸಮಯ ಮಾದರಿ ಸಂರಚನೆಯಲ್ಲಿ 2 ಸೆಕೆಂಡ್. ಅದಕ್ಕೂ ಮೊದಲು 5 ನಿಮಿಷದ ಕಟ್ಟು ತುಂಬಬೇಕು. ಹಾಗಾಗಿ ಆಮ್ಲಜನಕ ಕುಸಿದ ಅಲಾರಂ ಸರಪಳಿಯ ದಾರಿ ಹಿಡಿಯಬಾರದು. ಅಲಾರಂ ನೇರವಾಗಿ ನರ್ಸ್‌ಗೆ ಹೋಗಲಿ, ಸಾಕ್ಷಿ ನಿಧಾನವಾಗಿ ಸರಪಳಿಗೆ ಸೇರಲಿ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗೇನು?

ಕೊಡಗಿನಲ್ಲಿ ವ್ಯವಸ್ಥೆಯನ್ನು ವಿನ್ಯಾಸ ಮಾಡಬೇಕಾದದ್ದೇ ಆ ದಿನಗಳಿಗಾಗಿ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗಿದಾಗ, ಮರ ಬಿದ್ದು ತಂತಿ ಹರಿದಾಗ ಮೂರು ದಿನ ಕರೆಂಟ್ ಇಲ್ಲದಿರುವುದು ಅಪರೂಪವಲ್ಲ.

ಮೊದಲು ಕರೆಂಟ್. ಗೇಟ್‌ವೇ, 4ಜಿ ಮೋಡೆಮ್ ಸೇರಿ 6 ವ್ಯಾಟ್ ಎಂದು ಹಿಡಿದರೆ ಮೂರು ದಿನಕ್ಕೆ 432 ವ್ಯಾಟ್-ಅವರ್ ಬೇಕು. 12.8 ವೋಲ್ಟ್, 50 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 640 ಇರುತ್ತದೆ, ಶೇ. 80 ಬಳಸಿ, ಪರಿವರ್ತನೆಯಲ್ಲಿ ಶೇ. 10 ಕಳೆದರೂ 460 ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಕಂಪ್ಯೂಟರ್ ಯುಪಿಎಸ್ ನಂಬಬೇಡಿ, ಒಳಗಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಕೆಲವೇ ಗಂಟೆಗೆ ಖಾಲಿ. ಜುಲೈನಲ್ಲಿ ಸೋಲಾರ್ ಫಲಕವನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯದು ಸಂಗ್ರಹ. ಕರೆಂಟ್ ತಟ್ಟನೆ ಹೋದಾಗ ಮೊದಲು ಕೆಡುವುದು ಮೆಮೊರಿ ಕಾರ್ಡ್. ಅದರ ಬದಲು ಕೈಗಾರಿಕಾ ದರ್ಜೆಯ ಇಎಂಎಂಸಿ ಅಥವಾ ಎಸ್‌ಎಸ್‌ಡಿ ಸಂಗ್ರಹ ಹಾಕಿ, ಪ್ರತಿ ಕಟ್ಟೂ ಡಿಸ್ಕಿಗೆ ಬಿದ್ದದ್ದು ಖಚಿತವಾದ ಮೇಲೆಯೇ ಸಹಿ ಮಾಡಿಸಿ. ಇದರ ಕ್ರಮ ತಿರುಗುಮುರುಗಾದರೆ ಸಹಿ ಇದೆ, ದಾಖಲೆ ಇಲ್ಲ ಎಂಬ ಪಾಡು.

ಮೂರನೆಯದು ಸಂಪರ್ಕ. ಇಂಟರ್ನೆಟ್ ಇಲ್ಲದಿದ್ದರೂ ಸಾಧಾರಣ 2ಜಿ ಸಿಗ್ನಲ್ ಸಿಕ್ಕರೆ ಸಾಕ್ಷಿಯನ್ನು ಎಸ್‌ಎಂಎಸ್‌ನಲ್ಲಿ ಕಳುಹಿಸಬಹುದು. 32 ಬೈಟ್‌ನ ಹ್ಯಾಶ್ ಬೇಸ್64ರಲ್ಲಿ (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಕ್ರಮ) 44 ಅಕ್ಷರ, 64 ಬೈಟ್‌ನ ಸಹಿ 88 ಅಕ್ಷರ, ಒಟ್ಟು 132. ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುವುದರಿಂದ ಉಳಿದ 28ರಲ್ಲಿ ಗೇಟ್‌ವೇ ಗುರುತು, ಕ್ರಮಸಂಖ್ಯೆ ಕೂರುತ್ತವೆ. ಸಾಮಾನ್ಯ ಪ್ಲಾನ್‌ಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್ ಮಿತಿ ಇರುವುದರಿಂದ 5 ನಿಮಿಷಕ್ಕೊಂದು ಆಗದು. ಗಂಟೆಗೊಂದರಂತೆ 24 ಕಳುಹಿಸಿ. ಎಸ್‌ಎಂಎಸ್ ಗುಟ್ಟಿನ ದಾರಿಯಲ್ಲ ನಿಜ, ಆದರೆ ಹೋಗುತ್ತಿರುವುದರಲ್ಲಿ ರೋಗಿಯ ಯಾವ ಸುಳಿವೂ ಇಲ್ಲ. ಪೂರ್ತಿ ದಾಖಲೆ ಲೈನ್ ಬಂದ ಮೇಲೆ ಹೋದರೆ ಸಾಕು. ಅಷ್ಟರೊಳಗೆ ಯಾರೂ ತಿದ್ದಿಲ್ಲ ಎಂಬುದಕ್ಕೆ ಪುರಾವೆ ಆಗಲೇ ತಲುಪಿರುತ್ತದೆ.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ, ಅದು ಗಡಿಯಾರ. ನೆಟ್‌ವರ್ಕ್ ಇಲ್ಲದೆ ಗೇಟ್‌ವೇ ರೀಸ್ಟಾರ್ಟ್ ಆದರೆ ಸಮಯ ಹಿಂದಕ್ಕೆ ಹಾರುತ್ತದೆ, ಇವತ್ತಿನ ರೀಡಿಂಗ್ ಹಳೆಯ ತಾರೀಕಿಗೆ ಬೀಳುತ್ತದೆ. ಡಿಎಸ್3231 ಗಡಿಯಾರ ಚಿಪ್, ಸಿಆರ್2032 ಸೆಲ್ ಹಾಕಿ. ಅದರ ತಪ್ಪು ದಶಲಕ್ಷಕ್ಕೆ 2 ಭಾಗ, ವರ್ಷಕ್ಕೆ ಸುಮಾರು ಒಂದು ನಿಮಿಷ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಸಿಡಿಲು ತಡೆಯುವ ಸರ್ಜ್ ಸಾಧನ, ನಂತರದ ತೇವಕ್ಕೆ ದೂಳು, ನೀರು ತಡೆಯುವ ಐಪಿ65 ದರ್ಜೆಯ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇರಲಿ. ಯುಎಸ್‌ಬಿ ಕನೆಕ್ಟರ್‌ಗೆ ಹಸಿರು ಕಿಲುಬು ಹಿಡಿದು ಸಂಪರ್ಕ ಕಡಿಯುವುದನ್ನು ಜನ ಸಾಫ್ಟ್‌ವೇರ್ ದೋಷ ಎಂದು ವಾರಗಟ್ಟಲೆ ಹುಡುಕುತ್ತಾರೆ.

ಹ್ಯಾಶ್‌ಗೆ ಯಾದೃಚ್ಛಿಕ ಸಂಖ್ಯೆ ಯಾಕೆ ಸೇರಿಸಬೇಕು? ಹ್ಯಾಶ್‌ನಿಂದ ಮೂಲ ತಿಳಿಯದು ಅಂತಾರಲ್ಲ?

ಮೂಲ ಚಿಕ್ಕದಾಗಿದ್ದರೆ ಊಹಿಸಿ ತಿಳಿಯಬಹುದು. ಬಿ.ಪಿ. ಮೇಲಿನದು 60ರಿಂದ 250, ಕೆಳಗಿನದು 30ರಿಂದ 150, ನಾಡಿ 30ರಿಂದ 200 ಎಂದರೆ ಒಟ್ಟು ಸಾಧ್ಯತೆ ಸುಮಾರು 40 ಲಕ್ಷ. ಒಂದು ಲ್ಯಾಪ್‌ಟಾಪ್ ಅಷ್ಟನ್ನೂ ಕೆಲವೇ ಸೆಕೆಂಡಿನಲ್ಲಿ ಹ್ಯಾಶ್ ಮಾಡಿ ತಾಳೆ ನೋಡುತ್ತದೆ. 10 ಅಂಕಿಯ ಫೋನ್ ನಂಬರ್‌ನ ಕಥೆಯೂ ಅಷ್ಟೇ. 32 ಬೈಟ್‌ನ ಗುಟ್ಟಿನ ಸಂಖ್ಯೆ ಸೇರಿದರೆ ಈ ಊಹೆಯಾಟ ಮುಗಿಯಿತು. ಆ ಸಂಖ್ಯೆ ದಾಖಲೆಯ ಜೊತೆ ಎನ್‌ಕ್ರಿಪ್ಟ್ ಆಗಿ ಇರಬೇಕು, ಸರಪಳಿಯಲ್ಲಿ ಅಲ್ಲ.

ಸಾಧನದ ಕೀಲಿ ಎಲ್ಲಿರಬೇಕು?

ಕದಿಯಲಾಗದ ಕಡೆ. ಎಟಿಇಸಿಸಿ608ರಂಥ ಭದ್ರತಾ ಚಿಪ್‌ನೊಳಗೆ ಖಾಸಗಿ ಕೀಲಿ ಹುಟ್ಟಿ ಅಲ್ಲೇ ಉಳಿಯುತ್ತದೆ. ಸಹಿ ಹೊರಬರುತ್ತದೆ, ಕೀಲಿ ಬರುವುದಿಲ್ಲ. ಅದರಲ್ಲಿ ಮುಂದಕ್ಕೆ ಮಾತ್ರ ಓಡುವ ಎಣಿಕೆಯೂ ಇದೆ, 2,097,151ರ ವರೆಗೆ. ಕಟ್ಟಿಗೊಂದು ಎಣಿಕೆ ಹಾಕಿದರೆ ನಡುವೆ ಒಂದು ಕಟ್ಟು ಅಳಿಸಿದರೂ ಗೊತ್ತಾಗುತ್ತದೆ. ಒಂದೇ ಸಾಧನವಿದ್ದರೆ ದಿನಕ್ಕೆ 288ರಂತೆ ಅದು ಹತ್ತೊಂಬತ್ತು ವರ್ಷ ದಾಟಿ ಬಾಳುತ್ತದೆ. ಯಾರೋ ಸೆಕೆಂಡಿಗೊಂದು ಎಣಿಸುವಂತೆ ಬರೆದರೆ 24 ದಿನಕ್ಕೆ ಮುಗಿದು ಚಿಪ್ ಎಸೆಯಬೇಕಾಗುತ್ತದೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆಕ್ಸಿಮೀಟರ್, ಬಿ.ಪಿ. ಯಂತ್ರಗಳಲ್ಲಿ ಸಹಿ ಹಾಕುವ ವ್ಯವಸ್ಥೆ ಇರುವುದಿಲ್ಲ. ಆಗ ಚಿಪ್ ಗೇಟ್‌ವೇಯಲ್ಲಿರುತ್ತದೆ, ಪುರಾವೆಯೂ ಅಲ್ಲಿಂದಲೇ ಶುರು. ಸಾಧನದಿಂದ ಗೇಟ್‌ವೇವರೆಗಿನ ಬ್ಲೂಟೂತ್ ದಾರಿಗೆ 4.2ನೇ ಆವೃತ್ತಿಯಿಂದ ಬಂದ ಸೆಕ್ಯೂರ್ ಕನೆಕ್ಷನ್ಸ್ ಇರುವ ಸಾಧನವನ್ನೇ ಕೊಳ್ಳಿ. ಅಂಕಿ ಕೇಳದೆ ತಾನಾಗಿ ಜೋಡಣೆಯಾಗುವ ಸಾಧನಕ್ಕೂ ಗೇಟ್‌ವೇಗೂ ನಡುವೆ ಬೇರೊಬ್ಬರು ನುಸುಳಬಹುದು.

ಗೇಟ್‌ವೇ ಕಳವಾದರೆ ಆ ಕೀಲಿ ಅಸಲಿ ಎಂದು ಹೇಳುವ ಡಿಜಿಟಲ್ ಪ್ರಮಾಣಪತ್ರವನ್ನು ಕೂಡಲೇ ರದ್ದು ಮಾಡಿ. ರಿಪೇರಿಗೆ ಬೆಂಗಳೂರಿಗೆ ಕಳುಹಿಸಿದಾಗಲೂ ರದ್ದು ಮಾಡಿ. ವಾಪಸ್ ಬಂದದ್ದು ಹೊಸ ಸಾಧನವೆಂದೇ ನೋಂದಾಯಿಸಿ.

ನೋಡ್‌ಗಳನ್ನು ಎಲ್ಲೆಲ್ಲಿ ಇಡಬೇಕು?

ನೋಡ್ ಎಂದರೆ ಸರಪಳಿಯ ಪ್ರತಿ ಇಟ್ಟುಕೊಂಡು ಅದನ್ನು ನಡೆಸುವ ಕಂಪ್ಯೂಟರ್. ಐದು ಸಾಕು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಐದನೆಯದು ಜಿಲ್ಲೆಯ ಹೊರಗೆ ಮೈಸೂರಿನಲ್ಲಿ. ಬಹುಮತದಿಂದ ನಮೂದಿನ ಕ್ರಮ ತೀರ್ಮಾನಿಸುವ ರಾಫ್ಟ್ ವಿಧಾನದಲ್ಲಿ ಐದರಲ್ಲಿ ಮೂರು ಒಂದನ್ನೊಂದು ಮಾತಾಡಿಸುತ್ತಿದ್ದರೆ ಸರಪಳಿ ಓಡುತ್ತದೆ. ಮಡಿಕೇರಿಯ ಕೇಬಲ್ ತುಂಡಾದರೆ ಉಳಿದ ನಾಲ್ಕು ನಡೆಸುತ್ತವೆ, ಮಡಿಕೇರಿಯ ನಮೂದುಗಳು ಸರದಿಯಲ್ಲಿ ಕಾದು ಆಮೇಲೆ ಸೇರುತ್ತವೆ. ಐದನ್ನೂ ಒಂದೇ ಕಂಪನಿಯ ಒಂದೇ ಕ್ಲೌಡ್ ಖಾತೆಯಲ್ಲಿ ಇಟ್ಟರೆ ಅದು ಐದು ಹೆಸರಿನ ಒಂದೇ ಕಂಪ್ಯೂಟರ್.

ರಾಫ್ಟ್ ಕೆಟ್ಟುಹೋದ ನೋಡನ್ನು ಸಹಿಸುತ್ತದೆ, ಸುಳ್ಳು ಹೇಳುವ ನೋಡನ್ನು ಅಲ್ಲ. ಆ ಭಯವಿದ್ದರೆ ಫ್ಯಾಬ್ರಿಕ್ 3.0ರಿಂದ ಬಂದಿರುವ ಬಿಎಫ್‌ಟಿ ವಿಧಾನ ಬಳಸಿ. ನಾಲ್ಕು ನೋಡ್ ಇದ್ದರೆ ಒಂದು ಮೋಸವನ್ನೂ, ಏಳಿದ್ದರೆ ಎರಡನ್ನೂ ತಡೆಯುತ್ತದೆ.

ಇದಕ್ಕೆ ಬಿಟ್‌ಕಾಯಿನ್‌ನಂತೆ ನಾಣ್ಯ, ಮೈನಿಂಗ್ ಬೇಕಾ?

ಬೇಡ. ಗುರುತು ಗೊತ್ತಿರುವ ಸಂಸ್ಥೆಗಳ ನಡುವಿನ ಸರಪಳಿ ಇದು. ಸಾಧಾರಣ ಸರ್ವರ್ ಎಳೆಯುವಷ್ಟೇ ಕರೆಂಟ್ ಸಾಕು.

ರೀಡಿಂಗೇ ತಪ್ಪಾಗಿದ್ದರೆ?

ತಪ್ಪು ತಪ್ಪಾಗಿಯೇ ಭದ್ರವಾಗಿರುತ್ತದೆ. ಮಡಿಕೇರಿಯ ಚಳಿಗೆ ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ, ಕೈ ಅಲುಗಿದರೆ ಆಕ್ಸಿಮೀಟರ್ ಸುಳ್ಳು ಅಂಕಿ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ತೆಗೆಯಿರಿ. ಹಳೆಯ ನಮೂದನ್ನು ಅಳಿಸುವುದಿಲ್ಲ. “ಇಂಥ ನಮೂದು ಇಂಥ ಕಾರಣಕ್ಕೆ ಅಮಾನ್ಯ” ಎಂದು ವೈದ್ಯರ ಸಹಿಯೊಂದಿಗೆ ಹೊಸ ನಮೂದು ಸೇರುತ್ತದೆ. ಸಿಗ್ನಲ್ ಬಲದ ಅಂಕಿಯನ್ನೂ ರೀಡಿಂಗ್ ಜೊತೆ ಉಳಿಸಿಕೊಂಡರೆ ಮುಂದಿನ ವೈದ್ಯರಿಗೆ ತೀರ್ಮಾನ ಸುಲಭ.

ನಾನು ತೋಟದ ಕಾರ್ಮಿಕ. ನನ್ನ ಕಾಯಿಲೆ ಮಾಲೀಕರಿಗೆ ಗೊತ್ತಾಗುತ್ತದಾ?

ಗೊತ್ತಾಗಬಾರದು, ಹಾಗೆ ಕಟ್ಟಿದ ವ್ಯವಸ್ಥೆಗೆ ಮಾತ್ರ ನೀವು ಒಪ್ಪಿಗೆ ಕೊಡಿ. ಗೇಟ್‌ವೇ ತೋಟದ ಆಫೀಸಿನಲ್ಲಿದ್ದರೂ ಬಿಚ್ಚುವ ಕೀಲಿ ಆಸ್ಪತ್ರೆಯಲ್ಲಿದೆ. ಮ್ಯಾನೇಜರ್‌ಗೆ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ಎಂದು ನೋಡುವ ಅಧಿಕಾರ ಸಾಕು.

ನಿಜವಾದ ಸೋರಿಕೆ ಆಗುವುದು ಓಟಿಪಿಯಲ್ಲಿ. ಲೈನ್ ಮನೆಯ ಹಲವರು ಮೇಸ್ತ್ರಿಯ ಅಥವಾ ತೋಟದ ಗುಮಾಸ್ತ ರೈಟರ್‌ನ ಫೋನ್ ನಂಬರ್ ಕೊಟ್ಟಿರುತ್ತಾರೆ. ಆಗ ಒಪ್ಪಿಗೆ ಕೊಡುವವರು ಮೇಸ್ತ್ರಿ, ದಾಖಲೆ ತೆರೆಯುವವರೂ ಅವರೇ! ಎಷ್ಟು ಗಟ್ಟಿ ಎನ್‌ಕ್ರಿಪ್ಶನ್ ಇದ್ದರೂ ಇದನ್ನು ತಡೆಯದು. ಸ್ವಂತ ಫೋನ್ ಇಲ್ಲದವರಿಗೆ ಪಿನ್ ಇರುವ ಕಾರ್ಡ್ ಕೊಡಬೇಕು. ಒಪ್ಪಿಗೆ ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಬೇಕು: ಯರವ, ಜೇನುಕುರುಬ, ತಮಿಳು, ಮಲಯಾಳಂ, ಅಸ್ಸಾಮಿನಿಂದ ಬಂದವರಿಗೆ ಅಸ್ಸಾಮಿ ಅಥವಾ ಬಂಗಾಳಿ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನ ಎಂಬ ಮೂರೂ ಅದರಲ್ಲಿರಬೇಕು.

ಪ್ರಜ್ಞೆ ತಪ್ಪಿದ ರೋಗಿಯ ಒಪ್ಪಿಗೆ ಹೇಗೆ?

ತುರ್ತು ಬಾಗಿಲು ಇರಲೇಬೇಕು. ವೈದ್ಯರು ಕಾರಣ ಬರೆದು ತೆರೆಯುತ್ತಾರೆ, ತೆರೆದದ್ದು ಸರಪಳಿಯಲ್ಲಿ ದಾಖಲಾಗುತ್ತದೆ, ರೋಗಿಗೆ ಆಮೇಲೆ ತಿಳಿಸಲಾಗುತ್ತದೆ. ತಿಂಗಳಿಗೊಮ್ಮೆ ಈ ಪಟ್ಟಿಯನ್ನು ಬೇರೆ ಸಂಸ್ಥೆಯವರು ಪರಿಶೀಲಿಸಲಿ.

ನನ್ನ ಮಾಹಿತಿ ಅಳಿಸಿ ಎಂದರೆ ಅಳಿಸುತ್ತಾರಾ? ಸರಪಳಿ ಅಳಿಸಲಾಗದಲ್ಲ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸುವಂತೆ ಕೇಳುವ ಹಕ್ಕು ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿದ್ದು ಹಂತಹಂತವಾಗಿ ಜಾರಿಯಾಗುತ್ತಿವೆ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಆದರೆ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಗಳು ಹೇಳುತ್ತವೆ, ಆ ಅವಧಿ ಮುಗಿಯಬೇಕು. ಪ್ರತಿ ರೋಗಿಗೂ ಬೇರೆ ಬೇರೆ ಎನ್‌ಕ್ರಿಪ್ಶನ್ ಕೀಲಿ ಇಟ್ಟಿದ್ದರೆ ದಾಖಲೆ, ಕೀಲಿ, ಯಾದೃಚ್ಛಿಕ ಸಂಖ್ಯೆ ಮೂರನ್ನೂ ನಾಶ ಮಾಡಿದಾಗ ಸರಪಳಿಯಲ್ಲಿ ಉಳಿಯುವುದು ಅರ್ಥವಿಲ್ಲದ 32 ಬೈಟ್. ಬ್ಯಾಕಪ್‌ನಲ್ಲಿ ಕೀಲಿ ಉಳಿದಿದ್ದರೆ ಅಳಿಸಿದಂತಾಗಲಿಲ್ಲ.

ರ‍್ಯಾನ್ಸಮ್‌ವೇರ್ ದಾಳಿ ತಡೆಯುತ್ತದಾ?

ದಾಖಲೆಗೆ ಬೀಗ ಹಾಕಿ ದುಡ್ಡು ಕೇಳುವ ಈ ದಾಳಿಯನ್ನು ತಡೆಯುವುದಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳಿಗೆ ಬಿದ್ದಂಥ ಹೊಡೆತಕ್ಕೆ ಔಷಧ, ನೆಟ್‌ವರ್ಕ್‌ನಿಂದ ಕಿತ್ತಿಟ್ಟ ಬ್ಯಾಕಪ್. ಸರಪಳಿ ಮಾಡುವ ಉಪಕಾರ ಇಷ್ಟು: ಬ್ಯಾಕಪ್‌ನಿಂದ ಮರಳಿ ತಂದ ದಾಖಲೆ ಮೊದಲಿನದೇ ಹೌದೋ ಅಲ್ಲವೋ ಎಂದು ಕಟ್ಟುಕಟ್ಟಾಗಿ ತಾಳೆ ನೋಡಬಹುದು. ದಾಳಿಯಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಇದು 2022ರ ಏಪ್ರಿಲ್‌ನಲ್ಲಿ ಹೊರಟ ಆದೇಶ.

ಕೋರ್ಟಿನಲ್ಲಿ ನಡೆಯುತ್ತದಾ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗವಿದೆ, ಎಸ್‌ಎಚ್‌ಎ-256 ಕೂಡ ಅದರಲ್ಲಿ ಹೆಸರಿಸಿದೆ. ಪ್ರಮಾಣಪತ್ರ ಇಲ್ಲದೆ ಸರಪಳಿ ಒಂದನ್ನೇ ತೋರಿಸಿದರೆ ಆಗದು.

ಎಲ್ಲ ಚೆನ್ನಾಗಿ ಓಡುತ್ತಿದ್ದದ್ದು ಒಂದು ಬೆಳಿಗ್ಗೆ ಪೂರ್ತಿ ನಿಂತುಬಿಟ್ಟರೆ ಮೊದಲು ಏನು ನೋಡಬೇಕು?

ಸರಪಳಿಯ ಡಿಜಿಟಲ್ ಪ್ರಮಾಣಪತ್ರಗಳ ಅವಧಿ. ಫ್ಯಾಬ್ರಿಕ್‌ನ ಪ್ರಮಾಣಪತ್ರ ಸರ್ವರ್ ತಾನಾಗಿ ಕೊಡುವ ಅವಧಿ 8,760 ಗಂಟೆ, ಸರಿಯಾಗಿ ಒಂದು ವರ್ಷ. ಜುಲೈನಲ್ಲಿ ಹಾಕಿದ ವ್ಯವಸ್ಥೆ ಮುಂದಿನ ಜುಲೈನಲ್ಲಿ, ಇಂಜಿನಿಯರ್ ಘಾಟಿ ಹತ್ತಿ ಬರಲಾಗದ ದಿನವೇ ಕೈಕೊಡುತ್ತದೆ. ನವೀಕರಣವನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ಆಮೇಲೆ ಡಿಸ್ಕ್ ತುಂಬಿದೆಯೇ, ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿವೆಯೇ ನೋಡಿ.

ಬಿಲ್ ಪಾಸ್ ಮಾಡುವ ಮುನ್ನ ವ್ಯವಸ್ಥೆಯನ್ನು ಹೇಗೆ ಪರೀಕ್ಷಿಸಬೇಕು?

ಮಾರುವವರ ಎದುರೇ ಮಾಡಿ. ಡೇಟಾಬೇಸ್‌ನಲ್ಲಿ ಒಂದು ರೀಡಿಂಗ್‌ನ ಒಂದು ಅಂಕಿ ತಿದ್ದಿ, ಪರಿಶೀಲನೆಯ ಪರದೆ ಯಾವ ಕಟ್ಟು ಎಂದು ತೋರಿಸಬೇಕು. ಒಂದು ಕಟ್ಟು ಅಳಿಸಿ, ಎಣಿಕೆಯಲ್ಲಿ ತೆರಪು ಕಾಣಬೇಕು. ಗೇಟ್‌ವೇಯ ಪ್ಲಗ್ಗನ್ನು ರೀಡಿಂಗ್ ನಡುವೆ ಹತ್ತು ಸಲ ಕೀಳಿ. 72 ಗಂಟೆ ಇಂಟರ್ನೆಟ್ ತೆಗೆದಿಟ್ಟು ಆಮೇಲೆ ಕೊಡಿ. ಸಾಧನಕ್ಕೆ 864ರಂತೆ ಕಾದಿದ್ದ ಕಟ್ಟುಗಳೂ ಕ್ರಮವಾಗಿ ಸೇರಬೇಕು, ಒಂದೂ ಎರಡು ಸಲ ಬರಬಾರದು. ಒಂದು ನೋಡ್ ಸ್ವಿಚ್ ಆಫ್ ಮಾಡಿ, ಆಮೇಲೆ ಎರಡನೆಯದನ್ನು. ಮೂರನೆಯದನ್ನೂ ಸ್ವಿಚ್ ಆಫ್ ಮಾಡಿದಾಗ ಹೊಸ ನಮೂದು ನಿಲ್ಲಬೇಕು, ಆದರೆ ವಾರ್ಡಿನ ಅಲಾರಂ ಮಾತ್ರ ಹೊಡೆಯುತ್ತಲೇ ಇರಬೇಕು. ಇವನ್ನೆಲ್ಲ ಮೇ ತಿಂಗಳೊಳಗೆ ಮುಗಿಸಿ. ಅಲಾರಂ ಪರೀಕ್ಷೆಯಲ್ಲಿ ಬಿದ್ದ ವ್ಯವಸ್ಥೆಗೆ ಉಳಿದ ಯಾವ ಅಂಕವನ್ನೂ ಕೊಡಬೇಡಿ.